ಕಲಗಚ್ಚಿನಲ್ಲಿ ಒಂದು ಮುದ್ದೆ

ಸಾವಿರದ ಒಂಬೈನೂರ ತೊಂಬತ್ತಾರನೆಯ ಇಸವಿಯಲ್ಲಿ ಚಾಮರಾಜನಗರದ ಗುರುಮಲ್ಲಯ್ಯನವರ ಮನೆಯ ಹೆಂಗಸರ ಊಟದ ಸಾಲಿನಲ್ಲಿ ಎರಡು ಜಾಗ ಖಾಲಿಯಾದವು. ಆಷಾಢದಲ್ಲಿ ಅವರ ಹೆಂಡತಿ ಪುಟ್ಟಮಲ್ಲಮ್ಮನವರು ಲಿಂಗೈಕ್ಯರಾದರು. ನವರಾತ್ರಿಗೆ ಮುಂಚೆ ಮೊಮ್ಮಗಳು ದಾಕ್ಷಾಯಿಣಿ ಜಪಾನಿಗೆ ಹೊರಟುಹೋದಳು. ಹೋದವರು ಬರುವಂತಿಲ್ಲ, ಹೊರಟವಳು ವರ್ಷಕ್ಕೆ ಬರುತ್ತಾಳೆ. ಆದರೂ ತಟ್ಟೆ ಹಾಕಿದಾಗ ಎರಡು ಜಾಗವೂ ಒಂದೇ ರೀತಿ ಕಾಣುತ್ತಿದ್ದವು.

ದಾಕ್ಷಾಯಿಣಿ ಮೈಸೂರಿನಲ್ಲಿ ರೇಷ್ಮೆ ವಿಷಯದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಇಲ್ಲಿಂದ ಒಬ್ಬರನ್ನು ಜಪಾನಿಗೆ ಕಳಿಸುವುದು, ಅಲ್ಲಿಂದ ಒಬ್ಬರು ಇಲ್ಲಿಗೆ ಬರುವುದು, ಒಂದು ವರ್ಷ ಓದಿ ಮರಳುವುದು ಎಂದು ಏರ್ಪಾಡಾಗಿತ್ತು. ಗುಂಡ್ಲುಪೇಟೆಯಲ್ಲಿದ್ದ ಗುರುಮಲ್ಲಯ್ಯನವರ ಅಕ್ಕ ದೊಡ್ಡಮಲ್ಲಮ್ಮನಿಗೆ ಇದನ್ನು ವಿವರಿಸಿದಾಗ ಆಕೆ, "ನಮ್ಮ ಮಗೀನ ಕೊಟ್ಬುಟ್ರಿ. ಅಲ್ಲಿಂದ ಬಂದೋನು ಎಲ್ಲಿ? ಬದಲಿ ಅಂದ್ರೆ ನಮ್ಮನೇಗೆ ಬಂದು ಸಗಣಿ ಬಾಚ್ಬೇಕಾಗಿತ್ತು ತಾನೆ?" ಎಂದಿದ್ದರು.

ಹೊರಡುವ ದಿನ ಬೆಳಿಗ್ಗೆ ಗುರುಮಲ್ಲಯ್ಯನವರು ಮೊಮ್ಮಗಳನ್ನು ಪೂಜೆಯ ಕೋಣೆಗೆ ಕರೆದರು. ಪುಟ್ಟಮಲ್ಲಮ್ಮನವರ ಇಷ್ಟಲಿಂಗವನ್ನು ಅವರ ಅಂಗೈಯಲ್ಲಿಟ್ಟೇ ಮಣ್ಣು ಮಾಡಿದ್ದರು. ಲಿಂಗವಿಡುತ್ತಿದ್ದ ಬೆಳ್ಳಿಯ ಕರಡಿಗೆ ಮಾತ್ರ ಉಳಿದಿತ್ತು. ಅದನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಬೆಳಗಿ, ದಾಕ್ಷಾಯಿಣಿಯ ಲಿಂಗವನ್ನು ಅದರೊಳಗಿಟ್ಟು, ಅವಳ ಕೊರಳಿಗೆ ಕಟ್ಟಿದರು. ಕಟ್ಟುತ್ತ ತಾವು ಎಲ್ಲರಿಗೂ ಹೇಳುವ ಕಥೆಯನ್ನು ಇನ್ನೊಂದು ಸಲ ಹೇಳಿದರು. ಮದುವೆಯಾದ ಎರಡನೆಯ ವರ್ಷ ಹರವೆಯ ಕೆರೆಯಲ್ಲಿ ಬಟ್ಟೆ ಒಗೆಯುವಾಗ ಪುಟ್ಟಮಲ್ಲಮ್ಮನ ಲಿಂಗ ಜಾರಿ ನೀರಿಗೆ ಬಿತ್ತು. ಲಿಂಗವಿಲ್ಲದೆ ಉಣ್ಣುವಂತಿಲ್ಲ. ಹೊಸ ಲಿಂಗ ಕಟ್ಟಬೇಕಾದ ಅಯ್ಯನವರು ಊರಲ್ಲಿರಲಿಲ್ಲ. ಅವರು ಬರುವವರೆಗೆ ಮೂರು ದಿನ ಆಕೆ ಒಂದು ತೊಟ್ಟು ನೀರೂ ಕುಡಿಯಲಿಲ್ಲ.

"ಅಂತಾ ಅಜ್ಜಿ ಮೊಮ್ಮಗಳು ಕಣವ್ವ ನೀನು," ಎಂದರು. ದಾಕ್ಷಾಯಿಣಿ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡಳು.

ಜಪಾನಿನಿಂದ ಹದಿನೈದು ದಿನಕ್ಕೊಮ್ಮೆ ಕಾಗದ ಬರುತ್ತಿತ್ತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಮಗ ಶಿವಶಂಕರ ಸಂಜೆ ಬಂದು ಕಾಲು ತೊಳೆದ ಮೇಲೆ ಅದನ್ನು ಗಟ್ಟಿಯಾಗಿ ಓದುತ್ತಿದ್ದ. ಹಾಸ್ಟೆಲಿನಲ್ಲಿ ಬಾಗಿಲಿಗೊಂದು ಚಪ್ಪಲಿ, ಪಾಯಖಾನೆಗೊಂದು ಚಪ್ಪಲಿ. ಪಕ್ಕದ ಕೋಣೆಯವಳು ಕೊರಿಯಾದವಳು, ಅವಳ ಉಪ್ಪಿನಕಾಯಿ ನಮ್ಮದಕ್ಕಿಂತ ಖಾರ. ಎಲ್ಲ ಸಾರಿಗೂ ಮೀನಿನ ಪುಡಿ ಹಾಕುತ್ತಾರೆ, ಅದಕ್ಕೇ ಬರೀ ಅನ್ನಕ್ಕೆ ಅಮ್ಮನ ಚಟ್ನಿಪುಡಿ. ಹುಳುವಿಗೆ ಸೊಪ್ಪನ್ನು ಹಿಟ್ಟು ಮಾಡಿ ಬಿಲ್ಲೆ ಕಟ್ಟಿ ಹಾಕುತ್ತಾರೆ. ಊರಾಚೆ ಹಿಪ್ಪುನೇರಳೆ ತೋಟಗಳನ್ನೆಲ್ಲ ಕಿತ್ತು ಸೇಬು ಹಾಕಿದ್ದಾರೆ. ಅಲ್ಲೊಂದು ಕಲ್ಲಿದೆ, ಸತ್ತ ರೇಷ್ಮೆಹುಳುಗಳಿಗೆಂದು ನಿಲ್ಲಿಸಿದ್ದು. ವರ್ಷಕ್ಕೊಮ್ಮೆ ಪ್ರೊಫೆಸರೇ ಬಂದು ಕೈ ಮುಗಿಯುತ್ತಾರೆ.

"ಅದನ್ನ ಇನ್ನೊಂದ್ಸಲ ಓದ್ಲಾ," ಎಂದರು ಗುರುಮಲ್ಲಯ್ಯ. "ಹುಳೂಗೂ ಕೈ ಮುಗೀತಾರಂತೆ. ಒಳ್ಳೇ ಜನವೇ ಬುಡು."

ಫೆಬ್ರವರಿಯಲ್ಲಿ ಬಂದ ಕಾಗದದೊಳಗೆ ಇನ್ನೊಂದು ಹಾಳೆ ಮಡಿಸಿಟ್ಟಿತ್ತು. ಮೇಲೆ 'ಅಮ್ಮನಿಗೆ ಮಾತ್ರ' ಎಂದು ಬರೆದಿತ್ತು. ಗುರುಮಲ್ಲಯ್ಯನವರು ಪೇಪರು ಓದಲು ಲೈಬ್ರರಿಗೆ ಹೋಗಿದ್ದರು. ದಾಕ್ಷಾಯಿಣಿಯ ತಾಯಿ ನಾಗರತ್ನ ಒಲೆಯ ಮುಂದೆಯೇ ನಿಂತು ಓದಿದಳು.

'ಹೋದ ವಾರ ಸೊಂಟದ ಮಟ್ಟ ಹಿಮ ಬಿತ್ತು. ಹುಳು ಸಾಕುವ ಮನೆಗೆ ದಾರಿ ಬಿಡಿಸಲು ಎಲ್ಲರೂ ಸಲಿಕೆ ಹಿಡಿದೆವು. ಸಂಜೆ ಕೋಟು ಬಿಚ್ಚಿದಾಗ ಕೊರಳಲ್ಲಿ ಶಿವದಾರ ಇರಲಿಲ್ಲ. ಲಿಂಗವೂ ಇಲ್ಲ, ಅಜ್ಜಿಯ ಕರಡಿಗೆಯೂ ಇಲ್ಲ. ಎರಡು ದಿನ ಹಾಸ್ಟೆಲಿನವರೆಲ್ಲ ಹಿಮ ಕೆದಕಿದರು. ಅದು ಏನೆಂದು ಅವರಿಗೆ ಗೊತ್ತಿಲ್ಲ. ನಮ್ಮ ಅಜ್ಜಿಯದು ಎಂದೆ, ಅಷ್ಟಕ್ಕೇ ಹುಡುಕಿದರು. ಸಿಕ್ಕಲಿಲ್ಲ. ಅಜ್ಜಿಯ ಹಾಗೆ ನಾನೂ ಮೂರು ದಿನ ಇರೋಣವೆಂದು ಇದ್ದೆ. ಮೂರನೆಯ ದಿನ ಹುಳುವಿನ ತಟ್ಟೆ ಹಿಡಿದುಕೊಂಡೇ ಬಿದ್ದೆ. ಎಚ್ಚರವಾದಾಗ ಹಾಸ್ಟೆಲ್ ನೋಡಿಕೊಳ್ಳುವ ಮುದುಕಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಕುಡಿದುಬಿಟ್ಟೆ. ಆಮೇಲೆ ದಿನವೂ ಉಣ್ಣುತ್ತಿದ್ದೇನೆ, ಒಂದೊಂದು ತುತ್ತೂ ಗಂಟಲಲ್ಲಿ ನಿಲ್ಲುತ್ತದೆ. ತಾತನಿಗೆ ಹೇಗೆ ಮುಖ ತೋರಿಸಲಿ? ಈ ಮಾರ್ಚಿಗೆ ಓದು ಬಿಟ್ಟು ಬಂದುಬಿಡುತ್ತೇನೆ.'

ನಾಗರತ್ನ ಅಂದೇ ಉತ್ತರ ಬರೆದಳು. 'ಬರಬೇಡ. ನೀನು ಉಣ್ಣು, ಓದು. ನಿನ್ನ ಕೊರಳಿಗೆ ಮತ್ತೆ ಲಿಂಗ ಬರುವವರೆಗೆ ಮಧ್ಯಾಹ್ನದ ಊಟ ನಿನ್ನ ಬದಲಿಗೆ ನಾನು ಬಿಟ್ಟಿದ್ದೇನೆ. ತಾತನಿಗೆ ಹೇಳುವುದು ಬೇಡ. ಅಜ್ಜಿ ಹೋದ ಸಂಕಟವೇ ಅವರಿಗೆ ಇನ್ನೂ ಇಳಿದಿಲ್ಲ.' ಮಗಳ ಹಾಳೆಯನ್ನು ಅಡಿಗೆಮನೆಯ ಗೂಡಿಗೆ ಹಾಸಿದ್ದ ಕಾಗದದಡಿ ಇಟ್ಟಳು.

ಆ ಮನೆಯಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರು ಉಣ್ಣುವುದು ರೂಢಿ. ಆದ್ದರಿಂದ ಅವಳು ಉಣ್ಣದಿರುವುದು ಯಾರ ಕಣ್ಣಿಗೂ ಬೀಳಲಿಲ್ಲ. ಲೆಕ್ಕ ತಪ್ಪದಿರಲೆಂದು ತನ್ನ ಪಾಲಿನ ಮುದ್ದೆಯನ್ನೂ ಕಟ್ಟುತ್ತಿದ್ದಳು. ಕಟ್ಟಿ, ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಹಾಕುವ ಕಲಗಚ್ಚಿನ ಮಡಕೆಯೊಳಗೆ ಇಳಿಬಿಡುತ್ತಿದ್ದಳು. ಒಂದು ಸಂಗತಿಯನ್ನು ಮಾತ್ರ ಅವಳು ಮರೆತಿದ್ದಳು. ಪುಟ್ಟಮಲ್ಲಮ್ಮನವರು ಹೋದ ಮೇಲೆ ಹಿತ್ತಲಿನ ಹಸುವಿಗೆ ಕಲಗಚ್ಚು ಇಡುವ ಕೆಲಸವನ್ನು ಮಾವನವರು ತಾವೇ ವಹಿಸಿಕೊಂಡಿದ್ದರು. ಸಾಮಾನ್ಯವಾಗಿ ಸಂಜೆಗೆ ಇಡುವವರು ಒಂದು ದಿನ ಊಟವಾದ ಕೂಡಲೇ ಮಡಕೆ ಎತ್ತಿದರು.

"ನಾಗರತ್ನ, ಬಾರವ್ವ ಇಲ್ಲಿ. ಇದೇನು?"

"ಮುದ್ದೆ ಮಾವ."

"ಮುದ್ದೆ ಅಂತ ನನಗೂ ಗೊತ್ತು. ಕಲಗಚ್ಚೊಳಕ್ಕೆ ಅದೇ ನಡ್ಕಂಡು ಬಂತಾ?"

"ತಂಗ್ಳು ಮಾವ. ಅದ್ಕೆ ಆಕ್ದೆ."

"ತಂಗ್ಳು ಮುದ್ದೆ ಇಂಗೆ ಬೆಚ್ಚಗಿರ್ತದಾ?"

ನಾಗರತ್ನ ಸೆರಗು ಸರಿ ಮಾಡಿಕೊಂಡಳು. "ಅಸೂನೂ ದಿನಾ ಹಾಲು ಕೊಡ್ತದೆ. ಒಂದಿನ ಅದೂ ಉಣ್ಲಿ ಬುಡಿ."

"ನಿಮ್ಮತ್ತೆ ಇದ್ದಿದ್ರೆ ಒಂದು ಅಗುಳು ಚೆಲ್ಲೋಕೆ ಬುಡ್ತಿರ್ನಿಲ್ಲ."

"ಅತ್ತೆ ಇದ್ದಿದ್ರೆ ನಾನು ಚೆಲ್ಲೋ ಅಂಗೇ ಇರ್ನಿಲ್ಲ ಮಾವ," ಎಂದು ಅವಳು ಒಳಗೆ ಹೋದಳು.

ಗುರುಮಲ್ಲಯ್ಯನವರಿಗೆ ಆ ಮಾತು ಅರ್ಥವಾಗಲಿಲ್ಲ, ಆದರೆ ಚುಚ್ಚಿತು. ಸಂಕ್ರಾಂತಿಯ ದಿನ ತಾವು, "ಸಾರಿಗೆ ಉಪ್ಪಿಲ್ಲ, ಅವಳ ಕೈ ರುಚಿ ಅವಳ ಜೊತೇಲೇ ಓಯ್ತು," ಎಂದದ್ದು ನೆನಪಾಯಿತು. ಸೊಸೆ ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಊಟ ಬಿಟ್ಟಿದ್ದಾಳೆಂದು ಅವರು ತೀರ್ಮಾನಿಸಿದರು. ಮರುದಿನದಿಂದ ಎಲ್ಲವನ್ನೂ ಹೊಗಳಲು ತೊಡಗಿದರು. "ಸಾರು ಬಾಳ ಚೆನ್ನಾಗದೆ ಕಣವ್ವ," ಎಂದು ಒಂದೇ ಊಟದಲ್ಲಿ ಎರಡು ಸಲ ಹೇಳಿದರು. ಮುದ್ದೆ ಮಾತ್ರ ಕಲಗಚ್ಚಿಗೇ ಹೋಗುತ್ತಿತ್ತು.

ಕಡೆಗೆ ಮಗನಿಗೆ ಹೇಳಿದರು. ಶಿವಶಂಕರ ಹೆಂಡತಿಯನ್ನು ಹಿತ್ತಲಲ್ಲಿ ನಿಲ್ಲಿಸಿ ಕೇಳಿದ.

"ನಮ್ಮಪ್ಪ ಏನಾರಾ ಅಂದ್ರಾ?"

"ಅವ್ರೇನೂ ಅನ್ನಿಲ್ಲ."

"ಮಿಕ್ಸಿಗಾ? ಮುಂದಿನ ತಿಂಗ್ಳು ತತ್ತೀನಿ ಅಂದ್ನಲ್ಲ."

"ನಿಮ್ ತಲೆ. ಮಿಕ್ಸಿಗೋಸ್ಕರ ಯಾರಾದ್ರೂ ವೂಟ ಬುಡ್ತಾರಾ?"

"ಇನ್ಯಾತಕ್ಕೆ ಬುಟ್ಟಿದ್ದೀಯ, ಹೇಳು."

"ಹೊಟ್ಟೆ ಸರಿ ಇಲ್ಲ ಕಣ್ರೀ. ದಾರಿ ಬುಡಿ, ಒಲೆ ಮ್ಯಾಲೆ ಹಾಲಿಟ್ಟಿವ್ನಿ."

ಮೂರು ದಿನ ಬಿಟ್ಟು ಮಿಕ್ಸಿ ಬಂತು. ಅವಳು ಪೆಟ್ಟಿಗೆಯನ್ನು ತೆರೆಯದೆ ಅಟ್ಟದ ಮೇಲಿಟ್ಟಳು. ಶಿವಶಂಕರ ತಂದೆಯ ಮೇಲೆ ಮುನಿಸಿಕೊಂಡ. ತಂದೆ ಮಗನ ಮೇಲೆ. ಒಬ್ಬರ ತಪ್ಪೆಂದು ಒಬ್ಬರು ಎರಡು ವಾರ ಮಾತು ಕಡಿಮೆ ಮಾಡಿದರು.

ಶಿವರಾತ್ರಿಗೆ ದೊಡ್ಡಮಲ್ಲಮ್ಮನವರು ಗುಂಡ್ಲುಪೇಟೆಯಿಂದ ಬಂದರು. ಎಪ್ಪತ್ತೆಂಟು ವರ್ಷದ ಆಕೆಗೆ ಕಿವಿ ಸ್ವಲ್ಪ ಮಂದ, ಕಣ್ಣು ಚುರುಕು. ಹಬ್ಬದ ದಿನ ಎಲ್ಲರೂ ಉಪವಾಸವಿದ್ದುದರಿಂದ ಯಾರಿಗೂ ಯಾರ ತಟ್ಟೆಯ ಚಿಂತೆ ಇರಲಿಲ್ಲ. ಮರುದಿನ ಮಧ್ಯಾಹ್ನ ಪಾಯಸ, ಅವರೆಕಾಳಿನ ಸಾರು ಮಾಡಿ ಎಲ್ಲರಿಗೂ ಬಡಿಸಿದ ನಾಗರತ್ನ ತಾನು ಗೋಡೆಗೊರಗಿ ನಿಂತಳು.

"ಬಾ, ನನ್ ಜೊತೇಲೇ ಕುಂತ್ಕ," ಎಂದರು ದೊಡ್ಡಮಲ್ಲಮ್ಮ.

"ಆಮೇಲೆ ಉಣ್ತೀನಿ ಅತ್ತೆ."

"ನಿನ್ನೆಯೆಲ್ಲ ಉಪಾಸ ಇದ್ದೋಳು ಇವತ್ತೂ ಆಮೇಲೆ ಅಂತೀಯಲ್ಲ! ನಾನು ಬೆಳಗಿಂದ ನೋಡ್ತಾ ಇವ್ನಿ ಕಣಮ್ಮಿ. ನೀನು ಎರಡು ಸಲ ಪೂಜೆಗೆ ಕುಂತ್ಕಂಡೆ. ಒಂದ್ಸಲ ಅಂಗೈಲಿ ಲಿಂಗ ಇತ್ತು. ಇನ್ನೊಂದ್ಸಲ ಬರೀ ಅಂಗೈ ಇಟ್ಕಂಡು ನೋಡ್ತಾ ಕುಂತಿದ್ದೆ. ಆ ಬರೀ ಅಂಗೈ ಯಾರ ಪಾಲಿಂದು?"

ನಾಗರತ್ನಳಿಗೆ ಅಲ್ಲಿಯವರೆಗೆ ಹಿಡಿದಿಟ್ಟ ಅಳು ತಡೆಯಲಾಗಲಿಲ್ಲ. ಗೂಡಿನ ಕಾಗದವೆತ್ತಿ ಹಾಳೆಯನ್ನು ತಂದು ಮಾವನವರ ಮುಂದಿಟ್ಟಳು. ಗುರುಮಲ್ಲಯ್ಯ ಎಡಗೈಯಲ್ಲಿ ಕನ್ನಡಕ ಏರಿಸಿಕೊಂಡು ಓದಿದರು. ಸಾರು ತಟ್ಟೆಯಲ್ಲಿ ಹರಿದು ಪಾಯಸಕ್ಕೆ ಸೇರಿತು.

"ಕರಡಿಗೇನೂ ಓಯ್ತಾ?" ಎಂದರು.

"ಹ್ಞೂಂ ಮಾವ."

ಹಾಳೆ ಕಿತ್ತುಕೊಂಡು ಓದಿದ ಶಿವಶಂಕರ ದನಿಯೇರಿಸಿದ. "ಮಗು ಬಿದ್ದೋಗಿತ್ತು ಅಂತ ಬರ್ದವಳೆ. ನೀವು ಕರಡಿಗೆ ಕೇಳ್ತೀರಲ್ಲಪ್ಪ!"

"ಅದು ಅವಳ ಎದೆ ಮ್ಯಾಲೆ ಐವತ್ತು ವರ್ಸ ಇತ್ತು ಕಣ್ಲಾ."

"ಮೂರು ದಿನ, ಮೂರು ದಿನ ಅಂತ ನೀವು ಕತೆ ಹೇಳ್ದೆ ಕಳ್ಸಿದ್ರೆ ಅವಳು ಒಂದೊತ್ತೂ ಬುಡ್ತಿರ್ನಿಲ್ಲ."

"ನಾನು ಹೇಳಿದ್ದು ಸುಳ್ಳಾ?" ಗುರುಮಲ್ಲಯ್ಯ ತಟ್ಟೆಯಲ್ಲೇ ಕೈ ತೊಳೆದುಬಿಟ್ಟರು. "ನಾಳೆ ಅಕ್ಕನ್ನ ಬುಡೋಕೆ ಗುಂಡ್ಲುಪೇಟೆಗೆ ಓಯ್ತೀನಿ. ಮಠದಲ್ಲಿ ಅಯ್ನೋರ ಕೇಳ್ತೀನಿ. ಕಟ್ಟಳೆ ಏನದೋ ಅದು ಆಗ್ಲಿ."

"ಬಂದ್ಬುಡ್ಲಿ ಅಂದ್ರೆ ಅಯ್ನೋರು?" ಎಂದಳು ನಾಗರತ್ನ.

"ಬತ್ತಾಳೆ."

"ಓದು ಬುಟ್ಟಾ ಮಾವ? ಅವಳು ಇನ್ನೊಂದ್ಸಲ ಓಗೋಕಾಯ್ತದಾ?"

ಗುರುಮಲ್ಲಯ್ಯ ಜಗಲಿಗೆ ಎದ್ದುಹೋದರು.

ಮರುದಿನ ಅಕ್ಕ ತಮ್ಮ ಇಬ್ಬರೂ ಬಸ್ಸು ಹತ್ತಿದರು. ತೆರಕಣಾಂಬಿ ದಾಟುವವರೆಗೆ ದೊಡ್ಡಮಲ್ಲಮ್ಮ ತೂಕಡಿಸುತ್ತಿದ್ದರು. ಗುಂಡ್ಲುಪೇಟೆಯಲ್ಲಿಳಿದು ಮನೆ ಸೇರಿದ ಮೇಲೆ ತಮ್ಮ ಮಠಕ್ಕೆ ಹೊರಡಲು ಚಪ್ಪಲಿ ಮೆಟ್ಟಿದ್ದನ್ನು ಕಂಡು, "ಕುಂತ್ಕ ಒಂದ್ಗಳಿಗೆ," ಎಂದರು.

"ಅಯ್ನೋರು ಪೂಜೆಗೆ ಎದ್ಬುಟ್ರೆ ಸಿಕ್ಕಲ್ಲ ಅಕ್ಕ."

"ಸಿಕ್ಕದಿದ್ರೂ ಸರಿ. ಲೋ ಗುರುಮಲ್ಲ, ಆ ಮೂರು ದಿನದ ಕತೆ ಎಷ್ಟು ಜನಕ್ಕೆ ಹೇಳಿದ್ದೀಯ ನೀನು?"

"ಹೇಳ್ಬಾರ್ದಾ? ಅಂತಾ ಹೆಂಗ್ಸು ಎಲ್ಲವ್ಳೆ?"

"ಅವಳು ಉಂಡ್ಳು ಕಣ್ಲಾ."

ಗುರುಮಲ್ಲಯ್ಯ ಅಕ್ಕನ ಕಡೆ ತಿರುಗಿದರು.

"ಎರಡ್ನೇ ದಿನ ಎದೇಲಿ ಹಾಲು ನಿಂತೋಯ್ತು. ನಿನ್ ಮಗ ನಾಕು ತಿಂಗ್ಳ ಕೂಸು. ಕಿರುಚ್ಕಂಡು ಕಿರುಚ್ಕಂಡು ದನೀನೇ ಬತ್ತಿರ್ನಿಲ್ಲ. ನೀನು ಸ್ಕೂಲಲ್ಲಿ ಮಕ್ಳಿಗೆ ಪಾಠ ಹೇಳ್ತಾ ನಿಂತಿದ್ದೆ. ನಾನೇ ರಾಗಿ ಗಂಜಿ ಕಾಸಿ ಹಿತ್ಲಲ್ಲಿ ಕೂರ್ಸಿ ಕುಡುಸ್ದೆ. ಒಲ್ಲೆ ಅಂದ್ಳು. ಕೂಸು ಓದ್ರೆ ನಿನ್ ಗಂಡ ಯಾವ ಕಟ್ಟಳೆ ಹೇಳ್ತನೆ ಅಂದೆ. ಕುಡುದ್ಳು. ಮೂರ್ನೇ ದಿನಾನೂ ಕುಡುದ್ಳು."

"ನನಗ್ಯಾಕೆ ಹೇಳ್ನಿಲ್ಲ?"

"ಹೇಳೋಕೆ ಬುಟ್ಯಾ? ಅಯ್ನೋರು ಬಂದು ಲಿಂಗ ಕಟ್ಟಿ ಓದೇಟ್ಗೆ ಊರೆಲ್ಲ ಸಾರ್ಕಂಡು ಬಂದೆ. ಆಮ್ಯಾಕೆ ಐವತ್ತು ವರ್ಸ ಸಾರ್ದೆ. ನೀನು ಆ ಕತೆ ತೆಗೆದಾಗೆಲ್ಲ ಅವಳು ಒಳಕ್ಕೆ ಎದ್ದೋಯ್ತಿದ್ಲು, ನೋಡಿದ್ಯಾ?"

ನೋಡಿದ್ದರು. ಪ್ರತಿ ಸಲವೂ ನೋಡಿದ್ದರು. ಹೊಗಳಿಕೆ ಕೇಳಲು ನಾಚಿಕೆ ಎಂದುಕೊಂಡಿದ್ದರು.

ಅವರು ಚಪ್ಪಲಿ ಮೆಟ್ಟಿದ ಕಾಲಿನಲ್ಲೇ ಹೊಸಿಲ ಬಳಿ ಕುಳಿತರು. ಮುಂದಿನ ಕೋಣೆಯನ್ನು ಬಾಡಿಗೆಗೆ ಪಡೆದಿದ್ದ ಮಲೆಯಾಳಿ ಬಾಳೆಕಾಯಿ ಚಿಪ್ಸ್ ಕರಿಯುವ ಸದ್ದು ಕೇಳುತ್ತಿತ್ತು. ದೊಡ್ಡಮಲ್ಲಮ್ಮ ಒಂದು ಲೋಟ ಮಜ್ಜಿಗೆ ತಂದಿಟ್ಟರು.

"ಮಠಕ್ಕೆ ಓಗಲ್ವಾ?"

"ಮಗು ಬಂದ ಮ್ಯಾಲೆ ಓಗನ. ಅವಳನ್ನೇ ಕರ್ಕಂಡು," ಎಂದು ಮಜ್ಜಿಗೆ ಕುಡಿದು ಎದ್ದರು.

ಚಾಮರಾಜನಗರದಲ್ಲಿ ಬಸ್ಸಿಳಿದವರು ಮನೆಗೆ ಹೋಗದೆ ನೇರ ತಾಲ್ಲೂಕು ಕಚೇರಿಗೆ ಹೋಗಿ ಮಗನನ್ನು ಹೊರಗೆ ಕರೆದರು. "ಜಪಾನಿಗೆ ಫೋನು ಮಾಡಿಕೊಡು ನಡಿ," ಎಂದರು. ವಿದೇಶದ ಕರೆ ದುಬಾರಿ, ಕಾಗದ ಸಾಕು ಎಂದು ಆರು ತಿಂಗಳಿಂದ ಹೇಳುತ್ತಿದ್ದವರು ಅವರೇ. ಶಿವಶಂಕರ ಜೊತೆಗೆ ನಡೆದ.

ಬಸ್ ಸ್ಟ್ಯಾಂಡಿನ ಪಕ್ಕದ ಬೂತಿನಲ್ಲಿ ನಾಲ್ಕನೆಯ ಸಲಕ್ಕೆ ಲೈನು ಸಿಕ್ಕಿತು. ಆ ಕಡೆ ವಯಸ್ಸಾದ ಹೆಂಗಸಿನ ದನಿ ಏನೋ ಹೇಳಿತು. ಗಂಜಿ ಕುಡಿಸಿದಾಕೆ ಇವರೇ ಇರಬೇಕೆಂದು ಗುರುಮಲ್ಲಯ್ಯನವರಿಗೆ ತೋರಿತು. ರಿಸೀವರನ್ನು ಎರಡು ಕೈಯಲ್ಲಿ ಹಿಡಿದು, "ನಮಸ್ಕಾರ ತಾಯಿ. ದಾಕ್ಷಾಯಿಣಿ," ಎಂದರು. 'ದಾಕು-ಸಾನ್' ಎಂದು ಆಕೆ ಕೂಗಿದ್ದು, ಯಾರೋ ಮೆಟ್ಟಿಲಿಳಿದು ಓಡಿಬಂದದ್ದು ಕೇಳಿಸಿತು.

"ಅಮ್ಮಾ?"

"ಅಮ್ಮ ಅಲ್ಲ ಕಣವ್ವ. ತಾತ."

ಬೂತಿನ ಗೋಡೆಯ ಮೇಲೆ ಕರೆಯ ದುಡ್ಡು ತೋರಿಸುವ ಕೆಂಪು ಅಂಕಿಗಳು ಓಡುತ್ತಿದ್ದವು.

"ಉಂಡ್ಯಾ?"

"ತಾತ, ಅಜ್ಜಿ ಕರಡಿಗೆ..."

"ಅದು ಇರ್ಲಿ. ಕಾಗ್ದ ಓದ್ದೆ. ಕೇಳಿಲ್ಲಿ, ನಾನು ನಿಂಗೆ ಒಂದು ಕತೆ ಹೇಳಿದ್ನಲ್ಲ, ಅದು ಸುಳ್ಳು. ನಿಮ್ಮಜ್ಜಿ ಮೂರು ದಿನ ಇರ್ನಿಲ್ಲ. ನಿಮ್ಮಪ್ಪ ಕೂಸು, ಅಳ್ತಿದ್ದ. ಎರಡ್ನೇ ದಿನಕ್ಕೇ ಗಂಜಿ ಕುಡುದ್ಳು. ನನಗೇ ಗೊತ್ತಿರ್ನಿಲ್ಲ. ಇವತ್ತು ಗೊತ್ತಾಯ್ತು."

ಪಕ್ಕದಲ್ಲಿದ್ದ ಶಿವಶಂಕರ ಗಾಜಿನಾಚೆ ಮುಖ ತಿರುಗಿಸಿಕೊಂಡ. ಫೋನಿನಲ್ಲಿ ಮೂಗು ಒರೆಸಿಕೊಳ್ಳುವ ಸದ್ದಾಯಿತು.

"ನಾನು ಮೂರ್ನೇ ದಿನ ಕುಡಿದಿದ್ದು ತಾತ. ಹಂಗಾದ್ರೆ ಅಜ್ಜಿಗಿಂತ ನಾನೇ ಒಂದಿನ ಜಾಸ್ತಿ ಇದ್ನಾ?"

"ಹ್ಞೂಂ ಕಣವ್ವ. ನೀನೇ ಗಟ್ಟಿ." ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದರು. "ಬೆಳಿಗ್ಗೆ ಎದ್ದು ಈಬೂತಿ ಅಚ್ಕಂಡು ಬರೀ ಅಂಗೈ ನೋಡ್ಕ, ಸಾಕು. ನಿಮ್ಮಮ್ಮನೂ ಇಲ್ಲಿ ಅಂಗೇ ಮಾಡ್ತಾವ್ಳೆ. ಬಂದ ಮ್ಯಾಲೆ ಅಯ್ನೋರ ಕೈಲಿ ಲಿಂಗ ಕಟ್ಸನ. ಓದು ಮುಗುಸ್ಕಂಡೇ ಬರ್ಬೇಕು. ಅರ್ದಕ್ಕೆ ಬಂದ್ರೆ ಬಾಗ್ಲು ತೆಗೆಯಲ್ಲ ನಾನು."

"ಹಿಮ ಕರಗಿದ ಮೇಲೆ ಇನ್ನೊಂದ್ಸಲ ಹುಡುಕ್ತೀವಿ ಅಂದವ್ರೆ ತಾತ."

"ಹುಡುಕ್ಲಿ. ಸಿಕ್ಕುದ್ರೂ ಸರಿ, ಸಿಕ್ದಿದ್ರೂ ಸರಿ. ಆ ತಾಯಿಗೆ ನನ್ ನಮಸ್ಕಾರ ಹೇಳು."

ಸಂಜೆ ಮನೆಯಲ್ಲಿ ಎಲ್ಲವನ್ನೂ ಕೇಳಿದ ನಾಗರತ್ನ ಬಿಡಿಸುತ್ತಿದ್ದ ಸೊಪ್ಪನ್ನು ಮೊರಕ್ಕೆ ಹಾಕಿದಳು. ಆಮೇಲೆ ಹೇಳಿದಳು: "ಅವಳ ಕೊರಳಿಗೆ ಲಿಂಗ ಬರೋಗಂಟ ಅಂತ ದೇವ್ರ ಮುಂದೆ ಹೇಳ್ಕಂಡಿವ್ನಿ ಮಾವ. ಬುಡೋಕಾಯ್ತದಾ?"

"ಅವಳು ಉಣ್ಲಿ ಅಂತ ತಾನೆ ನೀನು ಹೇಳ್ಕಂಡಿದ್ದು? ಅವಳು ಉಣ್ತಾವ್ಳೆ. ತಪ್ಪು ಏನಾದ್ರೂ ಇದ್ರೆ ನನ್ ತಲೆ ಮ್ಯಾಲಿರ್ಲಿ, ಶಿವನಿಗೆ ನಾನು ಹೇಳ್ತೀನಿ."

ಮರುದಿನ ಮಧ್ಯಾಹ್ನ ಅವಳು ಗಂಡಸರಿಬ್ಬರಿಗೂ ಬಡಿಸಿ ನಿಂತಳು. ಗುರುಮಲ್ಲಯ್ಯ ತಟ್ಟೆಗೆ ಕೈ ಹಾಕಲಿಲ್ಲ.

"ನಿನ್ ತಟ್ಟೆ ತತ್ತಾ."

"ನೀವು ಉಂಡ ಮ್ಯಾಲೆ..."

"ಮುದ್ದೆ ಆರ್ತಾ ಅದೆ ಕಣವ್ವ."

ಶಿವಶಂಕರನೂ ಕೈ ಕಟ್ಟಿ ಕುಳಿತ. ನಾಗರತ್ನ ಅಡಿಗೆಮನೆಯಿಂದ ತಟ್ಟೆ ತಂದು, ಸಾಲಿನ ತುದಿಯಲ್ಲಿ ಕುಳಿತಳು. ಮೂವರೂ ಮುದ್ದೆ ಮುರಿದರು.

"ಸಾರಿಗೆ ಉಪ್ಪು ಕಮ್ಮಿ ಆಗದೆ," ಎಂದರು ಗುರುಮಲ್ಲಯ್ಯ.

"ಮೂರು ವಾರದಿಂದ ಕಮ್ಮೀನೇ ಇದ್ದಿರ್ಬೇಕು ಮಾವ. ನಾನೆಲ್ಲಿ ಬಾಯಿಗಿಟ್ಟು ನೋಡಿದ್ದೆ? ಚೆನ್ನಾಗದೆ ಚೆನ್ನಾಗದೆ ಅಂತಿದ್ರಲ್ಲ ನೀವೇ."

ಶಿವಶಂಕರ ನಗು ತಡೆಯಲಾರದೆ ಕೆಮ್ಮಿದ. ಅವಳು ಉಪ್ಪಿನ ಮರಿಗೆಯನ್ನು ಮಾವನವರ ಕಡೆಗೆ ಸರಿಸಿದಳು.

ಊಟವಾದ ಮೇಲೆ ಗುರುಮಲ್ಲಯ್ಯ ಹಿತ್ತಲಿಗೆ ಹೋಗಿ ಕಲಗಚ್ಚಿನ ಮಡಕೆ ಎತ್ತಿದರು. ಹಸುವಿನ ಮುಂದೆ ಇಡುವ ಮೊದಲು ತೋಳು ಮಡಿಸಿ ತಳದವರೆಗೆ ಕೈಯಾಡಿಸಿದರು. ಸೋರೆಕಾಯಿಯ ಸಿಪ್ಪೆ, ಅಕ್ಕಿ ತೊಳೆದ ನೀರು. ಇನ್ನೇನೂ ಇರಲಿಲ್ಲ.